ನಿತ್ಯಪ್ರಾರ್ಥನೆಯ ಕನ್ನಡ

ಸಾಹಿತ್ಯವೆಂದೊಡನೆ ನಮ್ಮ ದೃಷ್ಟಿ ಕಾವ್ಯ, ನಾಟಕ, ಕಾದಂಬರಿಗಳ ಕಡೆಗೆ ಹರಿಯುವುದು ಸಹಜ. ಒಮ್ಮೆ ಓದಿ ಕಪಾಟಿನಲ್ಲಿಡುವ ಗ್ರಂಥಕ್ಕೆ ನಾವು ಪುಟಗಟ್ಟಲೆ ವಿಮರ್ಶೆ ಬರೆಯುವೆವು. ದಿನದಿನವೂ ಬಾಯಲ್ಲಿ ನುಡಿಯುವ ಮಾತಿನ ಗುಣದೋಷಗಳನ್ನು ವಿಚಾರಿಸುವವರು ವಿರಳ. ಆದರೆ ಒಂದು ಭಾಷೆಯು ಜನರ ಅಂತರಂಗದಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಅರಿಯಬೇಕಾದರೆ, ಅವರು ದೇವರೊಡನೆ ಯಾವ ಮಾತನ್ನಾಡುತ್ತಾರೆಂಬುದಕ್ಕೆ ಕಿವಿಗೊಡಬೇಕು. ಪ್ರಕೃತ ಲೇಖನದಲ್ಲಿ ಕನ್ನಡ ಕಥೋಲಿಕ ಮನೆಗಳ ನಿತ್ಯಪ್ರಾರ್ಥನೆಯನ್ನೂ, ಅದರ ಜೊತೆಗೆ ನಡೆಯಬೇಕಾದ ಶಾಸ್ತ್ರಚಿಂತನೆಯನ್ನೂ ಸಾಹಿತ್ಯದ ಕಣ್ಣಿನಿಂದ ನೋಡಬೇಕೆಂದಿದ್ದೇನೆ. ಮತವಿಚಾರವು ಇಲ್ಲಿಯ ಉದ್ದೇಶವಲ್ಲ. ನಾನು ಆ ಮತಕ್ಕೆ ಸೇರಿದವನೂ ಅಲ್ಲ. ನೆರೆಮನೆಯ ಮಾತನ್ನು ಆದರದಿಂದ ಕೇಳಿದ ಕನ್ನಡಿಗನೊಬ್ಬನ ವಿಚಾರಗಳೆಂದು ವಾಚಕರು ಇದನ್ನು ಸ್ವೀಕರಿಸಬೇಕು.

ಪಾಮನಕಲ್ಲೂರಿನ ಕಡೆಯ ನಮಗೆ ಈ ವಿಷಯವು ದೂರದ್ದೆಂದು ತೋರಬಹುದು. ನಿಜವಾಗಿ ಹಾಗಿಲ್ಲ. ಧರ್ಮದ ಮಾತನ್ನು ಜನರ ಕಿವಿಗೆ ಮುಟ್ಟಿಸುವ ಕೆಲಸಕ್ಕೆ ನಮ್ಮ ಈ ಸೀಮೆ ಬಹು ಹಿಂದಿನಿಂದ ಸಾಕ್ಷಿಯಾಗಿದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನು ತನ್ನ ಹೆಸರಿನೊಡನೆ ಧರ್ಮದ ಮಾತನ್ನು ಕೊರೆಯಿಸಿದನು; 1915ರಲ್ಲಿ ಆ ಶಾಸನವು ಬೆಳಕಿಗೆ ಬಂತು. ಮಾನ್ವಿಯ ಜಗನ್ನಾಥದಾಸರು ವೇದಾಂತವನ್ನು ಕನ್ನಡದ ಷಟ್ಪದಿಗೆ ಇಳಿಸಿದರು. ಹಾಗೆಯೇ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ, ವಿಜಯನಗರ ಮತ್ತು ವಿಜಾಪುರಗಳ ನಡುವೆ ಮತ್ತೆ ಮತ್ತೆ ಕೈ ಬದಲಾಯಿಸಿದ ಆ ಕೋಟೆಯ ಊರಿನಲ್ಲಿ, ಹದಿನಾರನೆಯ ಶತಮಾನದಷ್ಟು ಹಳೆಯದಾದ ಒಂದು ಕಥೋಲಿಕ ಸಮಾಜವಿದೆ. ಗೋವೆಯಿಂದ ಬಂದ ಯೇಸುಸಭೆಯ ಪಾದ್ರಿಗಳಿಂದ ಈ ಸಮಾಜವು ಮೊದಲಾಯಿತೆಂದೂ, ಅಲ್ಲಿಯ ಇಗರ್ಜಿಯು 1557ಕ್ಕಿಂತ ಮುಂಚಿನದೆಂದೂ ಹಳೆಯ ಗ್ಯಾಸೆಟಿಯರಿನಲ್ಲಿ ಹೇಳಿದೆ. ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು 1878ರಲ್ಲಿ ಪ್ರಕಟವಾದ ತನ್ನ ಚಾಂದಬೀಬಿಯ ಕಾದಂಬರಿಯಲ್ಲಿ ಮುದಗಲ್ಲಿನ ಈ ಕ್ರೈಸ್ತರನ್ನು ತಂದಿದ್ದಾನೆ. ಮೊಹರಮ್ಮಿಗೆ ಮುದಗಲ್ಲಿಗೆ ಹೋಗುವ ನಮ್ಮವರಲ್ಲಿ ಎಷ್ಟು ಜನರು ಅಲ್ಲಿಯ ಇಗರ್ಜಿಯ ಗಂಟೆಯನ್ನು ಗಮನಿಸಿರುವರೋ ತಿಳಿಯದು. ಬೆಳಿಗ್ಗೆ, ನಡುಹಗಲು, ಸಂಜೆ ಎಂದು ದಿನಕ್ಕೆ ಮೂರು ಸಲ ಗಂಟೆ ಬಾರಿಸಿ ಪ್ರಾರ್ಥಿಸುವುದು ಕಥೋಲಿಕರ ಹಳೆಯ ಪದ್ಧತಿ. ತ್ರಿಕಾಲಪೂಜೆಯನ್ನು ಬಲ್ಲ ನಾಡಿಗೆ ಇದು ಅಪರಿಚಿತವಾದ ಲಯವಲ್ಲ.

ಕನ್ನಡದಲ್ಲಿ ಈ ಪ್ರಾರ್ಥನೆಗಳಿಗೆ ದೀರ್ಘವಾದ ಪೂರ್ವಚರಿತ್ರೆಯುಂಟು. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಪಾದ್ರಿಯು ಕನ್ನಡವನ್ನು ಕಲಿತು ಧರ್ಮೋಪದೇಶದ ಗ್ರಂಥವನ್ನೂ, ವ್ಯಾಕರಣವನ್ನೂ, ನಿಘಂಟನ್ನೂ ರಚಿಸಿದನು. ಕನ್ನಡದ ಅಚ್ಚಿನ ಪುಸ್ತಕಗಳು ಬರತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಈ ಪ್ರಾರ್ಥನೆಗಳು ಕೈಬರಹದಲ್ಲಿಯೂ ಅದಕ್ಕಿಂತ ಹೆಚ್ಚಾಗಿ ಜನರ ನಾಲಗೆಯಲ್ಲಿಯೂ ಬಾಳಿದುವು. ಇಷ್ಟು ಕಾಲ ನಾಲಗೆಯಲ್ಲಿ ಬಾಳಿದ ಗದ್ಯವು ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಒಂದೆರಡು ಸಾಲುಗಳಿಗಿಂತ ಹೆಚ್ಚಿನ ಜಾಗ ಪಡೆದುದನ್ನು ನಾನು ಕಂಡಿಲ್ಲ.

ಇಂಥ ಮಾತನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಭಾವಗೀತೆಗೆ ಹಿಡಿಯುವ ಕೋಲನ್ನು ಇದಕ್ಕೆ ಹಿಡಿಯಲಾಗದು. ಭಾವಗೀತೆಯು ಮೊದಲ ಓದಿನಲ್ಲಿಯೇ ಬೆರಗುಗೊಳಿಸಬಹುದು. ನಿತ್ಯಪ್ರಾರ್ಥನೆಯಾದರೋ ಹತ್ತು ಸಾವಿರದ ಸಲ ಹೇಳಿದ ಮೇಲೂ ನಿಲ್ಲಬೇಕು. ನಮ್ಮ ಮನೆಗಳಲ್ಲಿದ್ದ ಬೀಸುಕಲ್ಲನ್ನು ನೆನೆಯಿರಿ. ಅದು ದಿನವೂ ತಿರುಗುವುದು. ತಿರುಗಿ ತಿರುಗಿ ನುಣುಪಾಗುವುದು. ನುಣುಪಾದ ಕಲ್ಲಿನಲ್ಲಿ ಕಾಳು ಜಾರುವುದೇ ಹೊರತು ಹಿಟ್ಟಾಗದು. ಆಗ ಕಲ್ಲನ್ನು ಎಸೆಯುತ್ತಿರಲಿಲ್ಲ. ಉಳಿಯಿಂದ ಅದರ ಮೈಯನ್ನು ಕಟೆಯಿಸಿ ಮತ್ತೆ ಒರಟು ಮಾಡಿಸುತ್ತಿದ್ದರು. ನಿತ್ಯಪ್ರಾರ್ಥನೆಯು ಆ ಕಲ್ಲು; ಶಾಸ್ತ್ರಚಿಂತನೆಯು ಆ ಉಳಿ. ಒಂದನ್ನು ಬಿಟ್ಟು ಇನ್ನೊಂದರಿಂದ ಪ್ರಯೋಜನವಿಲ್ಲವೆಂಬುದೇ ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮಾತು.

ಮೊದಲು ಕಲ್ಲನ್ನು ನೋಡುವ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೇ ಎಲ್ಲ ಕ್ರೈಸ್ತ ಪ್ರಾರ್ಥನೆಗಳ ತಾಯಿಬೇರು. ಗ್ರೀಕಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಅದರ ಮೊದಲ ಶಬ್ದ ತಂದೆ. ಅವನು ಎಲ್ಲಿರುವನೆಂಬುದು ಆಮೇಲೆ ಬರುತ್ತದೆ. ಕನ್ನಡದ ವಾಕ್ಯವು ವಿಶೇಷಣವನ್ನು ಮುಂದಿಟ್ಟುಕೊಂಡು ನಡೆಯುವುದರಿಂದ ನಮ್ಮಲ್ಲಿ ಸ್ವರ್ಗವು ಮೊದಲು, ತಂದೆ ಕೊನೆಗೆ. ಇದನ್ನು ದೋಷವೆನ್ನಲಾಗದು. ದೂರದಿಂದ ಹೊರಟ ದೃಷ್ಟಿ ಹತ್ತಿರಕ್ಕೆ ಬಂದು ತಂದೆಯಲ್ಲಿ ನಿಲ್ಲುತ್ತದೆ. ಸಂಬೋಧನೆಯ ದೀರ್ಘಸ್ವರವು ಆ ನಿಲುಗಡೆಯ ಮೇಲೆಯೇ ಬೀಳುತ್ತದೆ. ಅನಂತರ ಬರುವ ಮೂರು ಬಿನ್ನಹಗಳು ಕನ್ನಡದಲ್ಲಿ ಮೂಲಕ್ಕೆ ಸರಿದೂಗುವಷ್ಟು ಸಹಜವಾಗಿವೆ. ‘ಆಗಲಿ’, ‘ಬರಲಿ’, ‘ನೆರವೇರಲಿ’ ಎಂಬ ಕ್ರಿಯಾರೂಪವು ನಮ್ಮ ಹರಕೆಯ ರೂಪ. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಮೋಡವನ್ನು ನೋಡಿ ಮಳೆಯನ್ನು ಬಯಸುವಾಗ ಬಾಯಿಗೆ ಬರುವ ಪ್ರತ್ಯಯವೇ ಅದು. ಇಲ್ಲಿ ಅನುವಾದಕರು ಹೊಸತೊಂದನ್ನು ಕಟ್ಟಬೇಕಾಗಲಿಲ್ಲ. ಭಾಷೆಯು ತಾನಾಗಿಯೇ ಒದಗಿತು.

ದೇವರನ್ನು ಕರೆಯುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. 1831ರಲ್ಲಿ ಬಳ್ಳಾರಿಯಲ್ಲಿ ಪೂರ್ಣಗೊಂಡ ಸತ್ಯವೇದದಿಂದ ಬಂದ ಪ್ರಾಟೆಸ್ಟೆಂಟ್ ಪರಂಪರೆಯು ದೇವರನ್ನು ‘ನೀನು’ ಎಂದಿತು. ಕಥೋಲಿಕ ಪ್ರಾರ್ಥನೆಯು ‘ನೀವು’ ಎನ್ನುತ್ತದೆ. ಅಲ್ಲಿ ಯೇಸು ಹೇಳಿದನು. ಇಲ್ಲಿ ಯೇಸುಸ್ವಾಮಿ ಹೇಳಿದರು. ವಚನಕಾರರೂ ಹರಿದಾಸರೂ ತಮ್ಮ ದೈವವನ್ನು ಏಕವಚನದಲ್ಲಿಯೇ ಕರೆದು, ಬೇಡಿ, ಕೆಲವೊಮ್ಮೆ ಜಗಳವಾಡಿದರು. ಹಾಗಾದರೆ ‘ನೀವು’ ಎಂಬುದು ಕನ್ನಡದ ಭಕ್ತಿಮಾರ್ಗಕ್ಕೆ ಹೊರತೇ? ಒಮ್ಮೆ ನಾನೂ ಹಾಗೆಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ವಚನವು ಒಬ್ಬಂಟಿಯ ಮಾತು. ನಿತ್ಯಪ್ರಾರ್ಥನೆಯು ಮನೆಯವರೆಲ್ಲ ಕೂಡಿ ಆಡುವ ಮಾತು. ಹಿರಿಯರ ಮುಂದೆ ಮಕ್ಕಳು ಕುಳಿತಾಗ ಬಹುವಚನವು ತಾನಾಗಿ ಬರುತ್ತದೆ. ಆದರೂ ಒಂದು ನಷ್ಟವುಂಟು. ತಂದೆಯೆಂದು ಕರೆದು ‘ನೀವು’ ಎಂದಾಗ ತಂದೆಯು ತುಸು ದೂರದ ಕುರ್ಚಿಯಲ್ಲಿ ಕುಳಿತಂತಾಗುತ್ತದೆ. ಗೌರವವು ಹೆಚ್ಚಿತು, ಸಲಿಗೆಯು ಕುಗ್ಗಿತು.

ಇನ್ನು ರೊಟ್ಟಿಯ ಮಾತು. ಆ ಪ್ರಾರ್ಥನೆಯಲ್ಲಿ ದಿನದ ಅನ್ನವನ್ನು ಬೇಡುವ ಬಿನ್ನಹವೊಂದಿದೆ. ಮೂಲದ ಗ್ರೀಕ್ ಶಬ್ದದ ಅರ್ಥ ರೊಟ್ಟಿಯೇ. ಐದು ರೊಟ್ಟಿಗಳಿಂದ ಸಾವಿರಾರು ಜನರು ತೃಪ್ತರಾದ ಪ್ರಸಂಗದಲ್ಲಿ, ಕೊನೆಯ ಭೋಜನದ ಪ್ರಸಂಗದಲ್ಲಿ, ಅದೇ ಶಬ್ದವನ್ನು ಕನ್ನಡವು ‘ರೊಟ್ಟಿ’ ಎಂದೇ ಹೇಳಿದೆ. ಪ್ರಾರ್ಥನೆಯಲ್ಲಿ ಮಾತ್ರ ಅದು ‘ಆಹಾರ’ವಾಯಿತು. ಕಾರಣವನ್ನು ಊಹಿಸಬಹುದು. ಕನ್ನಡನಾಡೆಲ್ಲವೂ ರೊಟ್ಟಿ ತಿನ್ನುವ ನಾಡಲ್ಲ. ಕರಾವಳಿಯಲ್ಲಿ ಅನ್ನ, ಮೈಸೂರು ಸೀಮೆಯಲ್ಲಿ ಮುದ್ದೆ. ಎಲ್ಲರಿಗೂ ಒಪ್ಪುವ ಶಬ್ದವನ್ನು ಹುಡುಕಿದರೆ ‘ಆಹಾರ’ ಸಿಕ್ಕುವುದು. ಆದರೆ ಎಲ್ಲರಿಗೂ ಒಪ್ಪುವ ಶಬ್ದಕ್ಕೆ ಯಾರ ಒಲೆಯ ವಾಸನೆಯೂ ಇರುವುದಿಲ್ಲ. ದಿನದ ರೊಟ್ಟಿಗೂ, ಗುಡ್ಡದ ಮೇಲೆ ಹಂಚಿದ ರೊಟ್ಟಿಗೂ, ಬಲಿಪೂಜೆಯಲ್ಲಿ ಮುರಿಯುವ ರೊಟ್ಟಿಗೂ ಮೂಲದಲ್ಲಿದ್ದ ಬಂಧುತ್ವವು ಈ ಒಂದು ಶಬ್ದದಿಂದ ಕಡಿದುಹೋಯಿತು. ಆ ಬಿನ್ನಹದಲ್ಲಿ ರೊಟ್ಟಿಗೆ ಹತ್ತಿದ ಗ್ರೀಕ್ ವಿಶೇಷಣವಂತೂ ಬಹು ಅಪೂರ್ವವಾದುದು. ಲ್ಯಾಟಿನ್ನಿಗೆ ತಂದ ಸಂತ ಜೆರೋಮನು ಅದೇ ಶಬ್ದವನ್ನು ಲೂಕನಲ್ಲಿ ‘ದಿನದಿನದ’ ಎಂದೂ, ಮತ್ತಾಯನಲ್ಲಿ ‘ದ್ರವ್ಯಕ್ಕೆ ಮೀರಿದ’ ಎಂಬರ್ಥದಲ್ಲಿಯೂ ಹೇಳಿದನು. ಅಂದರೆ ಹೊಟ್ಟೆಯ ರೊಟ್ಟಿಯೂ ಆತ್ಮದ ರೊಟ್ಟಿಯೂ ಆ ಬಿನ್ನಹದಲ್ಲಿ ಜೊತೆಯಾಗಿಯೇ ಇದ್ದುವು.

ಈ ವಿಚಾರವು ನನ್ನ ತಲೆಗೆ ಬಂದುದು ಪುಸ್ತಕದಿಂದಲ್ಲ. ಮುದಗಲ್ಲಿನ ಮಿತ್ರರೊಬ್ಬರ ಮನೆಯಲ್ಲಿ ಒಂದು ಸಂಜೆ ಪ್ರಾರ್ಥನೆ ನಡೆದಿತ್ತು. ಮುಗಿದ ಮೇಲೆ ಊಟಕ್ಕೆ ಕುಳಿತೆವು. ಮನೆಯ ಐದಾರು ವರ್ಷದ ಹುಡುಗನು ಅಜ್ಜಿಯನ್ನು, “ಅಜ್ಜೀ, ಆಹಾರ ಅಂದ್ರ ಏನು?” ಎಂದು ಕೇಳಿದನು. ಅಜ್ಜಿ ಬುಟ್ಟಿಯಿಂದ ಒಂದು ಜೋಳದ ರೊಟ್ಟಿಯನ್ನು ತೆಗೆದು ಅವನ ತಾಟಿಗೆ ಹಾಕುತ್ತ, “ರೊಟ್ಟಿಪಾ. ಬ್ಯಾರೆ ಏನು?” ಎಂದರು. ಅನುವಾದದಲ್ಲಿ ಕಳೆದುಹೋದುದನ್ನು ಆ ತಾಯಿ ಒಂದು ಮಾತಿನಲ್ಲಿ ಮರಳಿ ಕೊಟ್ಟರು. ನಾನು ಉಳಿಯೆಂದುದು ಇದನ್ನೇ.

ಇದೇ ಪ್ರಾರ್ಥನೆಯಲ್ಲಿ ಕ್ಷಮೆಯ ಬಿನ್ನಹವೂ ಇದೆ. ಕನ್ನಡದಲ್ಲಿ ನಾವು ‘ತಪ್ಪು’ಗಳ ಕ್ಷಮೆಯನ್ನು ಬೇಡುತ್ತೇವೆ. ಮತ್ತಾಯನ ಗ್ರೀಕಿನಲ್ಲಿರುವ ಮಾತು ‘ಸಾಲ’. ಲ್ಯಾಟಿನ್ನೂ ಸಾಲವೆಂದೇ ಹೇಳುತ್ತದೆ. ‘ತಪ್ಪು’ ಎಂಬುದು ಅಚ್ಚಗನ್ನಡದ ಒಳ್ಳೆಯ ಮಾತು. ಅದನ್ನು ತೆಗೆಯಬೇಕೆಂದು ಯಾರೂ ಹೇಳರು. ಆದರೆ ಮಳೆ ಹೋದ ವರ್ಷ ಸಾಲದ ಚೀಟಿಯನ್ನು ಮುಂದಿಟ್ಟುಕೊಂಡು ಕೂಡುವ ನಮ್ಮ ಸೀಮೆಯ ರೈತನಿಗೆ, ಸಾಲಮನ್ನಾ ಎಂಬ ಮಾತನ್ನು ಮಕ್ಕಳೂ ಬಲ್ಲ ನಾಡಿಗೆ, ‘ಸಾಲ’ವೆಂಬ ಶಬ್ದವು ಎಷ್ಟು ನೇರವಾಗಿ ಎದೆಗೆ ತಾಗುತ್ತಿತ್ತು! ಮತ್ತಾಯನು ಹದಿನೆಂಟನೆಯ ಅಧ್ಯಾಯದಲ್ಲಿ ಹೇಳುವ ಸಾಲಗಾರ ಸೇವಕನ ಕಥೆಯ ಬೀಗದ ಕೈ ಈ ಶಬ್ದದಲ್ಲಿದೆ. ಆ ಸೇವಕನಿಗೆ ಒಡೆಯನು ಬಿಟ್ಟುಕೊಟ್ಟುದು ಹತ್ತು ಸಾವಿರ ತಲಾಂತು; ಅವನು ಜೊತೆಗಾರನ ಕುತ್ತಿಗೆ ಹಿಡಿದುದು ನೂರು ದಿನಾರಿಗಾಗಿ. ಒಂದು ತಲಾಂತಿಗೆ ಆರು ಸಾವಿರ ದಿನಾರಿ, ಒಂದು ದಿನಾರಿ ಒಬ್ಬ ಆಳಿನ ಒಂದು ದಿನದ ಕೂಲಿ. ಲೆಕ್ಕ ಹಾಕಿದರೆ ಮನ್ನಾ ಆದ ಸಾಲವು ವಸೂಲಿಗೆ ಹೋದ ಸಾಲದ ಆರು ಲಕ್ಷ ಪಟ್ಟು. ಈ ಲೆಕ್ಕವನ್ನು ಒಮ್ಮೆ ಕೇಳಿದವನು ಮರುದಿನದ ಪ್ರಾರ್ಥನೆಯಲ್ಲಿ ‘ತಪ್ಪು’ ಎಂಬಲ್ಲಿಗೆ ಬಂದಾಗ ಮೊದಲಿನಂತೆ ಓಡಿಹೋಗಲಾರನು.

ಕೆಲವೆಡೆ ಕನ್ನಡದ ಆಯ್ಕೆಯು ಮೂಲಕ್ಕೆ ಹೊಸ ಬೆಲೆಯನ್ನು ತಂದುದೂ ಉಂಟು. ಸಂತ ಫ್ರಾನ್ಸಿಸ್ ಶೇವಿಯರನು ತಮಿಳು ಕರಾವಳಿಯಲ್ಲಿ ಪ್ರಾರ್ಥನೆಗಳನ್ನು ಅನುವಾದ ಮಾಡಿಸಿದಾಗ ‘ನಂಬುತ್ತೇನೆ’ ಎನ್ನಬೇಕಾದಲ್ಲಿ ‘ಬೇಕು’ ಎಂಬರ್ಥದ ಮಾತು ಸೇರಿಹೋಗಿತ್ತು. ಅದನ್ನು ಅವನೇ ಪತ್ರ ಬರೆದು ತಿದ್ದಿಸಿದನು. ಆ ಒಂದು ಕ್ರಿಯಾಪದವು ಎಷ್ಟು ತೂಕದ್ದೆಂಬುದು ಇದರಿಂದ ತಿಳಿಯುವುದು. ಕನ್ನಡದ ಪ್ರಾಟೆಸ್ಟೆಂಟರು ಇಲ್ಲಿ ‘ನಂಬಿಕೆ’ಯನ್ನು ಆರಿಸಿದರು, ಕಥೋಲಿಕರು ‘ವಿಶ್ವಾಸ’ವನ್ನು. ‘ನಂಬು’ ಎಂಬುದು ಶರಣರ ಮಾತು, ದಾಸರ ಮಾತು. ಆದರೆ ನಮ್ಮ ಕಡೆಯ ಆಡುಮಾತಿನಲ್ಲಿ ‘ನಮ್ಮ ಮ್ಯಾಲೆ ವಿಶ್ವಾಸ ಇರಲಿ’ ಎಂದಾಗ ಅದರಲ್ಲಿ ನಂಬಿಕೆಯೊಡನೆ ಪ್ರೀತಿಯೂ, ಬಿಟ್ಟುಕೊಡಬೇಡವೆಂಬ ಮೊರೆಯೂ ಸೇರಿರುತ್ತವೆ. ಹೀಗಾಗಿ ಸಂಸ್ಕೃತದ ಶಬ್ದವೇ ಇಲ್ಲಿ ಹೆಚ್ಚು ಮನೆಯದಾಗಿ ಕೇಳುತ್ತದೆ.

ಜಪಸರದ ವಿಷಯದಲ್ಲಿ ವಿದ್ಯಾವಂತರು ಸಾಮಾನ್ಯವಾಗಿ ಎತ್ತುವ ಆಕ್ಷೇಪ ಒಂದೇ: ಹೇಳಿದ್ದನ್ನೇ ಹೇಳುವುದರಿಂದ ಏನು ಫಲ? ನೂರೈವತ್ತು ಕೀರ್ತನೆಗಳನ್ನು ಓದಲಾರದ ಜನರಿಗೆ ನೂರೈವತ್ತು ಸಲ ಮರಿಯಮ್ಮನವರ ವಂದನೆಯನ್ನು ಹೇಳುವ ಕ್ರಮವು ಯುರೋಪಿನಲ್ಲಿ ಬೆಳೆಯಿತು. ಆ ವಂದನೆಯ ಮೊದಲರ್ಧವು ಲೂಕನ ಮೊದಲ ಅಧ್ಯಾಯದ ಮಾತುಗಳಿಂದಲೇ ಆದುದು. ಹತ್ತು ಹತ್ತು ಮಣಿಗಳಿಗೆ ಒಂದೊಂದು ಪ್ರಸಂಗವನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕೆಂಬುದು ನಿಯಮ; 2002ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಇಂಥ ಐದು ಪ್ರಸಂಗಗಳನ್ನು ಹೊಸದಾಗಿ ಸೇರಿಸಿದರು. ಕೈ ಮಣಿಯ ಮೇಲೆ, ಬಾಯಿ ಮಾತಿನ ಮೇಲೆ, ಮನಸ್ಸು ಪ್ರಸಂಗದ ಮೇಲೆ. ಬೀಸುವ ಹೆಂಗಸಿನ ಕೈ ಗೂಟದ ಮೇಲೆ, ಬಾಯಿ ಪದದ ಮೇಲೆ, ಮನಸ್ಸು ತವರಿನ ಮೇಲೆ ಇರುತ್ತಿದ್ದುದನ್ನು ಕಂಡವರು ಇದನ್ನು ಬರಿಯ ಪುನರುಕ್ತಿಯೆನ್ನಲಾರರು. ಮನಸ್ಸು ಪ್ರಸಂಗವನ್ನು ಬಿಟ್ಟರೆ ಮಾತ್ರ ಆಕ್ಷೇಪವು ನಿಜವಾಗುವುದು. ಆಗ ಕಲ್ಲು ತಿರುಗುತ್ತಿರುವುದು, ಹಿಟ್ಟು ಬೀಳದು.

ಇನ್ನು ಉಳಿಯ ಕಡೆಗೆ ಬರೋಣ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಬಾಗಿಲನ್ನು ತೆರೆಯಿತು. 1965ರಲ್ಲಿ ಅದೇ ಸಭೆಯು ಎಲ್ಲ ಭಕ್ತರೂ ಶಾಸ್ತ್ರವನ್ನು ಮೇಲಿಂದ ಮೇಲೆ ಓದಬೇಕೆಂದು ಬೋಧಿಸಿತು. 1969ರ ಹೊಸ ಪಾಠಕ್ರಮದಂತೆ ಭಾನುವಾರಗಳಿಗೆ ಮೂರು ವರ್ಷದ, ವಾರದ ದಿನಗಳಿಗೆ ಎರಡು ವರ್ಷದ ಸುತ್ತುಗಳು ಏರ್ಪಟ್ಟವು. ಅಂದಿನಿಂದ ದಿನದ ಪಾಠದ ಮೇಲೆ ಕನ್ನಡದಲ್ಲಿ ಕಿರುಚಿಂತನೆ ಬರೆಯುವ ಒಂದು ಸಾಹಿತ್ಯಪ್ರಕಾರವೇ ಬೆಳೆದಿದೆ. ಇದರ ಹಿಂದಿನ ಕ್ರಮವು ಹಳೆಯದು. ಹನ್ನೆರಡನೆಯ ಶತಮಾನದ ಗೀಗೊ ಎಂಬ ಸನ್ಯಾಸಿಯು ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ತನ್ಮಯನಾಗುವುದು ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿ, ಓದು ತುತ್ತನ್ನು ಬಾಯಿಗಿಡುವುದೆಂದೂ ಮನನವು ಅಗಿಯುವುದೆಂದೂ ಹೋಲಿಸಿದನು. ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲ ನಮಗೆ ಇದು ಬೇಗನೆ ತಿಳಿಯುವುದು. ‘ಮೆಲುಕು’ ಎಂಬ ನಮ್ಮ ಒಂದೇ ಮಾತು ಅದನ್ನೆಲ್ಲ ಒಳಗೊಂಡಿದೆ.

ಆದರೆ ನಾನು ಓದಿದ ಚಿಂತನೆಗಳಲ್ಲಿ ಹೆಚ್ಚಿನವು ಮೆಲುಕು ಹಾಕುವುದಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಪಾಠದ ಸಾರಾಂಶವನ್ನು ಹೇಳಿ, ‘ನಾವೂ ಹೀಗೆಯೇ ಬಾಳೋಣ’ ಎಂದು ಮುಗಿಸಿಬಿಡುತ್ತವೆ. ಪ್ರೀತಿ, ಸೇವೆ, ತ್ಯಾಗ ಎಂಬ ಶಬ್ದಗಳು ನಾಣ್ಯದಂತೆ ಕೈಯಿಂದ ಕೈಗೆ ದಾಟಿ ಮುದ್ರೆಯನ್ನೇ ಕಳೆದುಕೊಂಡಿವೆ. ನುಣುಪಾದ ಕಲ್ಲಿಗೆ ನುಣುಪಾದ ಉಳಿ.

ಒಳ್ಳೆಯ ಚಿಂತನೆಯು ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುವೆನು. ಬಿತ್ತುವವನ ಸಾಮತಿಯನ್ನು ಎಲ್ಲರೂ ಬಲ್ಲರು. ಬೀಜವು ದಾರಿಯ ಮೇಲೆ, ಕಲ್ಲಿನ ನೆಲದ ಮೇಲೆ, ಮುಳ್ಳಿನ ನಡುವೆ, ಕೊನೆಗೆ ಒಳ್ಳೆಯ ನೆಲದಲ್ಲಿ ಬೀಳುತ್ತದೆ. ಸಾಮಾನ್ಯ ಚಿಂತನೆಯು ಒಡನೆಯೇ ನಾಲ್ಕು ಬಗೆಯ ಹೃದಯಗಳ ವರ್ಣನೆಗೆ ತೊಡಗುವುದು. ಪಾಮನಕಲ್ಲೂರಿನ ಎರೆಹೊಲದ ರೈತನು ಇದನ್ನು ಕೇಳಿದರೆ ಅವನ ಮೊದಲ ಪ್ರಶ್ನೆ ಬೇರೆ: ಆ ಬಿತ್ತುವವನಿಗೆ ಬಿತ್ತಲು ಬರುತ್ತಿರಲಿಲ್ಲವೇ? ನಮ್ಮವರು ಕೂರಿಗೆಯಿಂದ ಬಿತ್ತುವರು. ಬೀಜವು ಬಟ್ಟಲಿನಿಂದ ಇಳಿದು ಸಾಲಿಗೇ ಬೀಳುವುದು. ದಾರಿಯ ಪಾಲಾಗುವ ಕಾಳು ಅಪರೂಪ. ಪ್ಯಾಲೆಸ್ತೀನಿನಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರೆಂದು ತಿಳಿಸಿದರೆ ಅವನ ಅರ್ಧ ಸಂದೇಹವು ತೀರುವುದು. ಉಳಿದರ್ಧವು ಚಿಂತನೆಯ ಬಾಗಿಲಾಗುವುದು. ಕಾಳಿನ ಲೆಕ್ಕವಿಟ್ಟು ಕೂರಿಗೆ ಹಿಡಿಯುವವನು ಜಾಣ. ಕಲ್ಲು ಮುಳ್ಳು ನೋಡದೆ ಎರಚುವವನು ಯಾರು? ದುಂದುಗಾರನೇ, ಉದಾರಿಯೇ? ಹಾಗೆಯೇ ನೂರ್ಮಡಿಯ ಮಾತು. ಗೋದಿಯ ಆ ನಾಡಿನಲ್ಲಿ ನೂರ್ಮಡಿಯು ಬೆರಗಿನ ಫಸಲು. ಒಂದು ತೆನೆಯಲ್ಲಿಯೇ ನೂರಾರು ಕಾಳು ಕಾಣುವ ನಮ್ಮ ಜೋಳದ ನಾಡಿಗೆ ಅದು ಅಷ್ಟು ಬೆರಗಲ್ಲ. ಈ ಅಂತರವನ್ನು ಮುಚ್ಚದೆ ಹೇಳಿದರೆ ಓದುಗನು ಯೇಸುವಿನ ಶ್ರೋತೃಗಳ ನಡುವೆ ಕುಳಿತು, ಅವರಿಗಾದ ಅಚ್ಚರಿಯನ್ನು ತಾನೂ ಪಡೆಯುವನು.

ಇಂಥ ಚಿಂತನೆಗೆ ದೊಡ್ಡ ಪಾಂಡಿತ್ಯವು ಬೇಡ. ಪಾಠವನ್ನು ನಿಧಾನವಾಗಿ ಓದಬೇಕು, ತನ್ನ ಹೊಲ, ಒಲೆ, ಸಂತೆಗಳ ಅರಿವಿನಿಂದ ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಆತುರಪಡಬಾರದು. ದ್ರಾಕ್ಷಿತೋಟದ ಕೂಲಿಗಳ ಕಥೆಯಲ್ಲಿ ಸಂಜೆಯವರೆಗೂ ಕೆಲಸಕ್ಕೆ ಯಾರೂ ಕರೆಯದೆ ನಿಂತವರಿದ್ದಾರೆ. ನಮ್ಮ ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋದವರು ಅಂಥ ನಿಲುಗಡೆಗಳಲ್ಲಿ ನಿಂತವರೇ. ಆ ಕಥೆಗೆ ಭಾಷ್ಯ ಬರೆಯಲು ಅವರಿಗಿಂತ ಅರ್ಹರು ಯಾರು?

ಗುಳೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಗಿಸುವೆನು. ಸಂಜೆ ಮನೆಯವರೆಲ್ಲ ಕೂಡಿ ಕೂಡುವ ಪದ್ಧತಿಯು ಎಲ್ಲ ಮತಗಳವರ ಮನೆಗಳಲ್ಲಿಯೂ ಸಡಿಲುತ್ತಿದೆ. ದುಡಿಯುವ ವಯಸ್ಸಿನವರು ದೂರದಲ್ಲಿ. ಅಜ್ಜಿ ಮೊಮ್ಮಕ್ಕಳು ಊರಲ್ಲಿ. ಪ್ರಾರ್ಥನೆಯ ಪಾಠವು ಮೊಬೈಲಿನಲ್ಲಿ ಸಿಕ್ಕುವುದು, “ರೊಟ್ಟಿಪಾ, ಬ್ಯಾರೆ ಏನು?” ಎನ್ನುವ ಧ್ವನಿಯು ಅದರಲ್ಲಿ ಸಿಕ್ಕದು. ಅಚ್ಚಾದ ಪ್ರಾರ್ಥನೆಗಳು ಉಳಿಯುತ್ತವೆ. ಅವುಗಳಿಗೆ ಮನೆಮನೆಯ ಹಿರಿಯರು ಆಡುತ್ತಿದ್ದ ಅರ್ಥವು ಮಾತ್ರ ಅವರೊಡನೆಯೇ ಹೋಗುತ್ತದೆ. ಜಿಲ್ಲೆಯ ಸಾಹಿತ್ಯಸಂಘಗಳು ಬೀಸುವ ಪದಗಳನ್ನು ಸಂಗ್ರಹಿಸಿದಂತೆ ಮುದಗಲ್ಲಿನ ಹಿರಿಯರ ಪ್ರಾರ್ಥನೆಗಳನ್ನೂ, ಅವಕ್ಕೆ ಅವರು ಹೇಳುವ ಅರ್ಥವನ್ನೂ ಬರೆದಿಟ್ಟುಕೊಂಡರೆ ಅದು ಒಂದು ಸಮಾಜದ ಸ್ವತ್ತಾಗಿ ನಿಲ್ಲದೆ ಕನ್ನಡದ ಸ್ವತ್ತಾಗುವುದು. ಸಹಸ್ರನಾಮವನ್ನು ಅರ್ಥವರಿಯದೆ ಉರುಳಿಸುವ, ವಚನವನ್ನು ಸಭೆಯ ಅಲಂಕಾರಕ್ಕೆ ಹಾಡುವ ನಮಗೂ ಈ ವಿಚಾರದಲ್ಲಿ ಪಾಠವಿದೆ. ನಮ್ಮ ನಮ್ಮ ಮನೆಯ ಕಲ್ಲು ನುಣುಪಾಗಿದೆಯೇ ಎಂದು ಈ ಸಂಜೆ ಒಮ್ಮೆ ಕೈಯಾಡಿಸಿ ನೋಡಿದರೆ ಈ ಬರೆಹದ ಶ್ರಮ ಸಾರ್ಥಕ.